ಬೀಗರ ಬಾಯಿಗೆ ಬೀಗ

ಬಸ್ ನಿಲ್ದಾಣದ ಮೈಕಣ್ಣನನ್ನು ಕಣ್ಣಾರೆ ಕಂಡವರು ಕಡಿಮೆ. ಕಿವಿಯಾರೆ ಕೇಳದವರು ಆ ಪಟ್ಟಣದಲ್ಲೇ ಇಲ್ಲ. ನಿಲ್ದಾಣದ ಮಹಡಿಯ ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ಗೂಡಿನಂಥ ಕೋಣೆ, ಅದರೊಳಗೆ ಒಂದು ಮೇಜು, ಒಂದು ಮೈಕು, ಅರ್ಧ ಕುಡಿದು ಮರೆತ ಟೀ ಲೋಟ. ಅಲ್ಲಿ ಕೂತೇ ಅವನು ಅರ್ಧ ಆಯುಷ್ಯ ಜನರನ್ನು ಊರೂರಿಗೆ ಕಳಿಸಿದ್ದಾನೆ, ತಾನು ಮಾತ್ರ ಎಲ್ಲಿಗೂ ಹೋಗಿಲ್ಲ. "ಪ್ರಯಾಣಿಕರ ಗಮನಕ್ಕೆ" ಎಂದು ಅವನು ಎಳೆದು ಶುರುಮಾಡಿದರೆ ರಚ್ಚೆ ಹಿಡಿದ ಮಗುವೂ ಅಳು ನಿಲ್ಲಿಸಿ ತಲೆ ಎತ್ತಿ ನೋಡುತ್ತಿತ್ತು. ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಕಟ್ಟಿದವರು ಈ ಮನೆಯನ್ನು ನೋಡಿರಲಿಲ್ಲ. ಮೈಕಣ್ಣನ ಒಬ್ಬಳೇ ಮಗಳು ತಾಯಿಯಂತಾಗದೆ ಅಪ್ಪನಂತಾದಳು. ತೊಟ್ಟಿಲಲ್ಲಿ ಶುರುವಾದ ಬಾಯಿ ಕಾಲೇಜು ಮುಗಿದರೂ ಮುಚ್ಚಲಿಲ್ಲ. ಊಟಕ್ಕೆ ಕೂತರಂತೂ ತುತ್ತಿಗೊಂದು ಸುದ್ದಿ, ಸುದ್ದಿಗೊಂದು ಅಣಕ. ಕೈಯಲ್ಲಿದ್ದ ತುತ್ತು ಆರಿ ಒಣಗಿದರೂ ಮಾತು ಮುಗಿಯುತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. "ಒಬ್ಬರು ಮೈಕು, ಒಬ್ಬಳು ರೇಡಿಯೋ. ಈ ಮನೇಲಿ ಕಿವಿ ಅಂತ ಇರೋದು ನನಗೊಬ್ಬಳಿಗೇ" ಎಂದು ಮೈಕಣ್ಣನ ಹೆಂಡತಿ ಬಂದವರ ಮುಂದೆಲ್ಲ ದೂರುತ್ತಿದ್ದಳು. ದೂರುವಾಗ ಅವಳ ಮುಖ ಅರಳಿರುತ್ತಿತ್ತು ಎನ್ನುವುದನ್ನು ಬಂದವರೆಲ್ಲ ಗಮನಿಸಿದ್ದರು.

ಆ ಮಗಳ ಮದುವೆ ಹೋದ ವರ್ಷವಾಯಿತು. ಹುಡುಗ ಪಟ್ಟಣದ ಆ ತುದಿಯ ಮರದ ಮಿಲ್ಲಿನವರ ಮಗ, ಅವಳೇ ಮೆಚ್ಚಿದವನು. ಕೆಳಗೆ ಮಿಲ್ಲು, ಮೇಲೆ ಮನೆ. ಮದುವೆಗೆ ಮೊದಲು ಹಿರಿಯರು ಭೇಟಿಯಾದದ್ದೆಲ್ಲ ಕೆಳಗಿನ ಆಫೀಸಿನಲ್ಲಿ, ಗರಗಸದ ಗದ್ದಲದ ನಡುವೆ. ಅಲ್ಲಿ ಎಲ್ಲರೂ ಎಲ್ಲರ ಕಿವಿಗೂ ಕೂಗಲೇಬೇಕಿತ್ತು. ಯಾರ ನಿಜವಾದ ದನಿ ಎಷ್ಟು ಎಂದು ಯಾರಿಗೂ ತಿಳಿಯಲಿಲ್ಲ. ಮದುವೆಯಾದ ಮರುವಾರ ಬೀಗರು ಮೇಲಿನ ಮನೆಗೆ ಊಟಕ್ಕೆ ಕರೆದರು.

ಗ್ರಹಚಾರಕ್ಕೆ ಅದೇ ವಾರ ಮೈಕಣ್ಣನ ಬಾಯಿಗೆ ಹೊಸ ಹಲ್ಲುಸೆಟ್ಟು ಬಂದಿತ್ತು. ಮೇಲ್ಸಾಲಿನವಷ್ಟೂ ಕಟ್ಟಿಸಿದ ಹಲ್ಲು. ಅವನಿಗೆ ತನ್ನ ಬಾಯಿಯ ಮೇಲಿದ್ದ ಅಭಿಮಾನ ಬೇರೆಯವರಿಗೆ ಆಸ್ತಿಪಾಸ್ತಿಯ ಮೇಲೂ ಇರುವುದಿಲ್ಲ. ಸೆಟ್ಟು ಹಾಕಿಕೊಂಡು ಮೈಕಿನ ಮುಂದೆ ಕೂತ ಮೊದಲ ದಿನ "ಬಸ್ಸು" ಎನ್ನಲು ಹೋಗಿ ಸೀಟಿ ಊದಿದಂತಾಗಿ, ಕೆಳಗಿದ್ದ ಡ್ರೈವರೊಬ್ಬ ಕಂಡಕ್ಟರೇ ಸೀಟಿ ಹೊಡೆದನೆಂದು ಬಸ್ಸನ್ನು ಮುಂದಕ್ಕೆ ಬಿಟ್ಟಿದ್ದ. ಕಂಡಕ್ಟರು ಹಿಂದಿನಿಂದ ಓಡಿದ್ದನ್ನು ನೋಡಿ ನಿಲ್ದಾಣವೆಲ್ಲ ನಕ್ಕಿತ್ತು. ಹಲ್ಲಿನ ಡಾಕ್ಟರು ಬೇರೆ ಎಚ್ಚರಿಸಿದ್ದರು: "ಮಾತಾಡೋದಾದ್ರೆ ಮಾತಾಡಿ, ಅಗಿಯೋದಾದ್ರೆ ಅಗೀರಿ. ಎರಡೂ ಒಟ್ಟಿಗೆ ಮಾಡಿದ್ರೆ ಸೆಟ್ಟು ತಟ್ಟೆಗೆ ಬೀಳುತ್ತೆ." ಬೀಗರ ಮನೆಯಲ್ಲಿ ಹಲ್ಲು ತಟ್ಟೆಗೆ ಬೀಳುವುದೆಂದರೆ! ಹೆಂಡತಿ ಮಗಳಿಬ್ಬರಿಂದಲೂ ಆಣೆ ಹಾಕಿಸಿಕೊಂಡ, ಈ ವಿಷಯ ಆ ಮನೆಯವರ ಕಿವಿಗೆ ಬೀಳಬಾರದೆಂದು.

ಊಟಕ್ಕೆ ಕೂತಾಗ ಬೀಗರು ಕೇಳಿದರು, "ಬಸ್ ಸ್ಟ್ಯಾಂಡಲ್ಲಿ ಜನ ಜೋರಾ ಬೀಗ್ರೇ?" ಮೈಕಣ್ಣ ತುಟಿ ಬಿಚ್ಚದೆ "ಹ್ಞೂಂ" ಎಂದ. ಬೀಗಿತ್ತಿ ಏನೋ ತಮಾಷೆ ಮಾಡಿದರು. ಮೈಕಣ್ಣ ಬಾಯಿ ಮುಚ್ಚಿಕೊಂಡೇ ನಕ್ಕ. ಎಲ್ಲಿ ಮಾತು ಬೆಳೆದು ಗಂಡನ ಬಾಯಿ ತೆರೆಸುತ್ತದೋ ಎಂದು ಹೆಂಡತಿಯೂ ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೇಜಿನ ಸುತ್ತ ಮಾತು ನಿಂತೇಹೋಯಿತು. "ಸದ್ಯ, ಇವರೂ ಊಟದಲ್ಲಿ ಮಾತಾಡದ ಜನ, ಬದುಕಿದೆ" ಎಂದುಕೊಂಡು ಮೈಕಣ್ಣ ನೆಮ್ಮದಿಯಾಗಿ ಅಗಿದ. ಅಷ್ಟು ರುಚಿಯಾಗಿ ಅವನು ಬಹಳ ದಿನದಿಂದ ಉಂಡಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಹಲ್ಲು ಬಾಯಿಗೆ ಒಗ್ಗಿತು. ಸೀಟಿ ನಿಂತಿತು. ಕಡಲೆಕಾಯಿ ಜಗಿಯುತ್ತಲೇ ಬಸ್ಸುಗಳನ್ನು ಕೂಗುವಷ್ಟು ಧೈರ್ಯ ಬಂತು. ಆದರೆ ಬೀಗರ ಮನೆಯ ಮೌನ ಮಾತ್ರ ಮುರಿಯಲಿಲ್ಲ. ಆಗಾಗ ಭಾನುವಾರ ಕರೆ ಬರುತ್ತಿತ್ತು. ಗಂಡ ಹೆಂಡತಿ ಹೋಗುತ್ತಿದ್ದರು. ಬಾಗಿಲಲ್ಲಿ "ಬನ್ನಿ ಬನ್ನಿ" ಎಂಬ ಉಪಚಾರವೇನೋ ಚೆನ್ನಾಗೇ ಇರುತ್ತಿತ್ತು. ತಟ್ಟೆ ಇಟ್ಟ ಕೂಡಲೇ ಯಾರೋ ಸ್ವಿಚ್ಚು ಆರಿಸಿದ ಹಾಗೆ ಎಲ್ಲರೂ ಮೂಕರು. ಬೀಗರು ತಟ್ಟೆ ನೋಡುತ್ತಿದ್ದರು. ಬೀಗಿತ್ತಿ ಸೌಟು ಎತ್ತಿ ಹುಬ್ಬಿನಲ್ಲೇ "ಹಾಕಲಾ?" ಎನ್ನುತ್ತಿದ್ದರು. ಅಳಿಯ ನೀರು ಕುಡಿದರೂ ಗುಟುಕಿನ ಸದ್ದು ಕೇಳಬಾರದೆನ್ನುವಂತೆ ಕುಡಿಯುತ್ತಿದ್ದ. ಇವರ ನಡುವೆ ರೇಡಿಯೋ, ಮೈಕಣ್ಣನ ರೇಡಿಯೋ, ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಒಂದು ಸಲ ಅವಳು ಏನನ್ನೋ ಹೇಳಲು ಬಾಯಿ ತೆರೆದಳು. ಬೀಗಿತ್ತಿ ಸೊಸೆಯತ್ತ ಕಣ್ಣು ಬಿಟ್ಟರು. ಬಾಯಿ ಮುಚ್ಚಿತು. ಆ ನೋಟ ಮೈಕಣ್ಣನ ಎದೆಗೆ ನೆಟ್ಟಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು: "ಮಗಳನ್ನ ಮದುವೆ ಮಾಡಿ ಕೊಟ್ವೋ, ಇಲ್ಲ ಲೈಬ್ರರಿಗೆ ಸೇರಿಸಿದ್ವೋ?" ಮೈಕಣ್ಣ ನಗಲಿಲ್ಲ. ಮಗಳನ್ನು ಒಂಟಿಯಾಗಿ ಸಿಕ್ಕಾಗಲೆಲ್ಲ ಕೇಳಿ ನೋಡಿದ್ದ. "ಚೆನ್ನಾಗಿದ್ದೀನಪ್ಪ" ಎನ್ನುತ್ತಿದ್ದಳು. ಯಾವ ಮಗಳು ತಾನೇ ಬೇರೆ ಏನಾದರೂ ಹೇಳಿದ್ದಾಳೆ? ಫೋನು ಮಾಡಿದರೆ ಹಿಂದೆ ಗರಗಸದ ಅಬ್ಬರ. "ಕೇಳಿಸ್ತಿಲ್ಲಪ್ಪ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದಳು. ಬೀಗರ ಮನೆ ಎಂದರೆ ಮಗಳ ಬಾಯಿಗೆ ಬೀಗ ಹಾಕಿದ ಮನೆ ಎಂದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಈ ನಡುವೆ ಅವನು ಕಾಲೇಜಿಗೂ ಹೋಗುತ್ತಿದ್ದ. ಹರೆಯದಲ್ಲಿ ಕೆಲಸ ಸಿಕ್ಕಿತೆಂದು ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟವನು. ಈಗ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರು ಎಂದು ಗಂಟುಬಿದ್ದು ಸೇರಿಸಿದ್ದವಳು ಮದುವೆಗೆ ಮುಂಚಿನ ಇದೇ ರೇಡಿಯೋ. ಉಳಿದದ್ದೆಲ್ಲ ಮುಗಿದು ಒಂದೇ ವಿಷಯ ಬಾಕಿಯಿತ್ತು. ಅವನ ಪಾಳಿಗೆ ಹೊಂದುವ ಹೊತ್ತಿನಲ್ಲಿ ಇದ್ದದ್ದು ಸಾಂಸ್ಕೃತಿಕ ಮಾನವಶಾಸ್ತ್ರ ಒಂದೇ. ಸಂಸ್ಕೃತಿ ಎಂದರೆ ಹಾಡು, ನಾಟಕ; ತನ್ನ ಕಂಠಕ್ಕೆ ನಾಲ್ಕು ಅಂಕ ಹೆಚ್ಚೇ ಸಿಗುತ್ತದೆ ಎಂದು ಲೆಕ್ಕ ಹಾಕಿ ಹೋಗಿ ಕೂತ.

ಪಾಠ ಮಾಡುವ ಮೇಡಂ ಅವನ ಮಗಳ ವಯಸ್ಸಿನವರು. ಮೊದಲ ದಿನವೇ ಅವನನ್ನು ಎಬ್ಬಿಸಿ ನಿಲ್ಲಿಸಿದರು. "ಸರ್, ಇವತ್ತು ಬೆಳಿಗ್ಗೆ ಎದ್ದು ಮೊದಲು ಯಾರ ಹತ್ರ ಮಾತಾಡಿದ್ರಿ? ಅವರನ್ನ ಏನಂತ ಕರೆದ್ರಿ?"

"ಹೆಂಡತಿ ಹತ್ರ ಮೇಡಂ. ಏನಂತಲೂ ಕರೀಲಿಲ್ಲ. 'ಇಲ್ನೋಡು' ಅಂದೆ."

ಹುಡುಗ ಹುಡುಗಿಯರೆಲ್ಲ ಗೊಳ್ಳೆಂದರು. ಮೇಡಂ ನಗಲಿಲ್ಲ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ "ಇಲ್ನೋಡು" ಎಂದು ಬರೆದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದೆ ಎಷ್ಟು ಬಗೆಯಲ್ಲಿ ಕರೆಯುತ್ತಾರೆ, ಯಾರು ಯಾರ ಹೆಸರನ್ನು ಹೇಳಬಹುದು, ಯಾರು ಹೇಳಬಾರದು, ಜಗತ್ತಿನ ಎಲ್ಲೆಲ್ಲಿ ಇದಕ್ಕೆ ಏನೇನು ಕಟ್ಟುಪಾಡು ಎಂದು ಆ ಒಂದು ಮಾತಿನ ಮೇಲೇ ಪಾಠ ನಡೆಸಿದರು. ಮನೆಯ ಹೊಸ್ತಿಲೊಳಗಿನ ಒಂದು ಸಣ್ಣ ಮಾತಿನಲ್ಲಿ ಇಷ್ಟೊಂದು ಇದೆಯೇ ಎಂದು ಮೈಕಣ್ಣ ಬಾಯಿ ತೆರೆದು ಕೂತ. ಹಾಡು ನಾಟಕದ ಆಸೆ ಅಲ್ಲಿಗೆ ಬಿಟ್ಟುಹೋಯಿತು.

ಆಮೇಲೊಂದು ದಿನ ಸಂಬಂಧಗಳ ನಕ್ಷೆ ಬರೆಯುವ ಪಾಠ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಜೋಡಿಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ. ಮೈಕಣ್ಣ ಕೈ ಎತ್ತಿದ: "ಮೇಡಂ, ಬೀಗರಿಗೆ ಯಾವ ಗುರುತು?"

"ಬೇರೆ ಗುರುತಿಲ್ಲ ಸರ್. ನೀವೇ ಬರೆದು ನೋಡಿ."

ಬರೆದ. ತಾನೊಂದು ತ್ರಿಕೋನ ಈ ತುದಿಯಲ್ಲಿ, ಬೀಗರು ಇನ್ನೊಂದು ತ್ರಿಕೋನ ಆ ತುದಿಯಲ್ಲಿ. ಇಬ್ಬರ ನಡುವೆ ನೇರ ಗೆರೆಯೇ ಇಲ್ಲ. ಈ ತ್ರಿಕೋನದಿಂದ ಕೆಳಗಿಳಿದು, ಮಗಳೆಂಬ ಒಂದು ಪುಟ್ಟ ವೃತ್ತವನ್ನು ಹಾದು, ಜೋಡಿಗೆರೆ ದಾಟಿ, ಮತ್ತೆ ಮೇಲೆ ಹತ್ತಬೇಕು. ಎರಡು ಮನೆಯ ಭಾರವೂ ಆ ಪುಟ್ಟ ವೃತ್ತದ ಮೇಲೇ. ಇಲ್ಲಿ ಯಾರು ಯಾರಿಗೆ ಒಂದು ಮಾತು ಹೆಚ್ಚು ಕಡಿಮೆ ಆಡಿದರೂ ಪೆಟ್ಟು ಬೀಳುವುದು ಅವಳಿಗೆ. ಅದನ್ನು ಕಂಡ ಮೇಲೆ ಅವನಿಗೆ ಆ ದಿನದ ಪಾಠ ತಲೆಗೆ ಹೋಗಲಿಲ್ಲ.

ಕೊನೆಗೆ ಬಂತು ಕ್ಷೇತ್ರಕಾರ್ಯ. ನಿಮ್ಮದಲ್ಲದ ಒಂದು ಮನೆಗೆ ಹೋಗಿ, ಅವರ ಜೊತೆ ಕೂತು ಉಂಡು, ಆ ಊಟದ ಕಟ್ಟುಪಾಡು ಏನೆಂದು ಬರೆದು ತನ್ನಿ ಎಂದರು ಮೇಡಂ. ನೋಡುತ್ತಲೂ ಇರಬೇಕು, ಅವರ ಜೊತೆ ಬೆರೆತೂ ಇರಬೇಕು. ಹುಡುಗರೆಲ್ಲ ಗೆಳೆಯರ ಮನೆ ಹುಡುಕಿದರು. ಮೈಕಣ್ಣ ಒಂದು ನಿಮಿಷವೂ ಯೋಚಿಸಲಿಲ್ಲ. ಓದಿಗೆ ಓದೂ ಆಯಿತು, ಮಗಳ ಮೇಲೊಂದು ಕಣ್ಣಿಟ್ಟ ಹಾಗೂ ಆಯಿತು. ಬೀಗರಿಗೆ ಮಾತ್ರ ಏನೂ ಹೇಳಲಿಲ್ಲ.

ಎರಡು ಮೂರು ಭಾನುವಾರ ತಾನೇ ಕರೆಸಿಕೊಂಡು ಹೋಗಿ ಉಂಡ. ಯಾರು ಎಲ್ಲಿ ಕೂರುತ್ತಾರೆ, ಯಾರು ಮೊದಲು ಕೈ ತೊಳೆಯುತ್ತಾರೆ, ಸೌಟು ಯಾರ ಕೈಯಲ್ಲಿರುತ್ತದೆ, ಸೊಸೆ ಯಾವಾಗ ಏಳುತ್ತಾಳೆ, ಒಂದನ್ನೂ ಬಿಡಲಿಲ್ಲ. ಬೀಗರಂತೂ ಅವನು ದಿಟ್ಟಿಸುವುದನ್ನು ಕಂಡು ಇನ್ನಷ್ಟು ಗಂಭೀರವಾಗಿ ಅಗಿದರು. ಮನೆಗೆ ಬಂದು ಬರೆದ: "ಈ ಕುಟುಂಬದಲ್ಲಿ ಮೌನವೇ ಊಟದ ಮೊದಲ ನಿಯಮ. ಹೊಸ ಸೊಸೆಯ ಮೇಲೆ ನಿಯಮ ಮತ್ತಷ್ಟು ಬಿಗಿ. ಅತ್ತೆಯ ಕಣ್ಸನ್ನೆಯೇ ಅಪ್ಪಣೆ." ಅಲ್ಲಿಗೆ ನಿಲ್ಲಿಸಿದ್ದರೆ ಅದು ಶಾಸ್ತ್ರವಾಗಿರುತ್ತಿತ್ತು. ಸಿಟ್ಟು ನೆತ್ತಿಗೇರಿ ಇನ್ನೊಂದು ಸಾಲು ಸೇರಿಸಿದ: "ಸಾವಾದ ಮನೆಯಲ್ಲೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ."

ಮೇಡಂ ಓದಿ ಅವನನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಚೆನ್ನಾಗಿ ನೋಡಿದ್ದೀರಿ ಸರ್. ಎಲ್ಲಾ ಇದೆ. ಒಂದೇ ಇಲ್ಲ."

"ಏನಿಲ್ಲ ಮೇಡಂ?"

"ಅವರು ಹೇಳೋದು. ಇಷ್ಟೂ ನಿಮಗೆ ಕಂಡಿದ್ದು. ಯಾಕೆ ಮಾತಾಡಲ್ಲ ಅಂತ ಒಂದು ಸಲನಾದ್ರೂ ಕೇಳಿದ್ರಾ?"

"ಕೇಳೋದೇನು ಮೇಡಂ, ಕಣ್ಣಿಗೇ ಕಾಣುತ್ತಲ್ಲ."

"ಕಣ್ಣಿಗೆ ಕಾಣೋದು ನಮ್ಮ ಕಣ್ಣಿನ ಬಣ್ಣನೂ ಸೇರ್ಕೊಂಡೇ ಕಾಣುತ್ತೆ. ಹೋಗ್ಲಿ, ನೀವು ಬರೀತಿದ್ದೀರಿ ಅಂತ ಅವರಿಗೆ ಗೊತ್ತಾ?"

ಮೈಕಣ್ಣ ಮೇಜಿನ ಮೇಲಿದ್ದ ವರದಿಯ ಹಾಳೆಗಳನ್ನು ಜೋಡಿಸತೊಡಗಿದ. ಮೇಡಂ ದನಿ ತಗ್ಗಿಸಿದರು. "ಇದನ್ನ ಹಾಗೇ ತಗೊಳ್ಳೋಕೆ ಬರಲ್ಲ ಸರ್. ಅವರಿಗೆ ಗೊತ್ತಿಲ್ಲದೆ ಅವರನ್ನ ಬರೆಯೋ ಹಾಗಿಲ್ಲ. ವಾಪಸ್ ಹೋಗಿ ಹೇಳಿ. ಬರೆದಿದ್ದು ಸರಿನಾ ತಪ್ಪಾ ಕೇಳಿ. ಅವರು ಬೇಡ ಅಂದ್ರೆ ಇದನ್ನ ಹರಿದು ಹಾಕೋಣ, ಬೇರೆ ಮನೆ ನೋಡಿ."

ಬೇರೆ ಮನೆ ನೋಡುವುದೇನೂ ಕಷ್ಟವಿರಲಿಲ್ಲ. ಪಕ್ಕದ ಮನೆಯಲ್ಲೇ ಕೂತು ಉಂಡು ಬರೆದುಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ "ಯಾಕೆ ಅಂತ ಕೇಳಿದ್ರಾ" ಎಂಬ ಮಾತು ಕಾಲಿಗೆ ಚುಚ್ಚಿದ ಮುಳ್ಳಾಯಿತು. ಹೌದಲ್ಲ, ಇಷ್ಟು ದಿನದಲ್ಲಿ ಒಂದು ಸಲವೂ ಕೇಳಿಲ್ಲ. ಯಾಕೆ ಕೇಳಿಲ್ಲ ಎಂದು ತನ್ನನ್ನೇ ಕೇಳಿಕೊಂಡಾಗ ಉತ್ತರ ಸುಲಭವಾಗಿತ್ತು. ಹೆದರಿಕೆ. ಕೇಳಿದರೆ, "ನಿಮ್ಮ ಮಗಳ ಬಾಯಿ ಜಾಸ್ತಿ ಆಯ್ತು, ಅದಕ್ಕೇ" ಎಂದುಬಿಟ್ಟರೆ?

ಹೆಂಡತಿಗೆ ಹೇಳಿದಾಗ ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. "ನಿಮಗೇನಾದ್ರೂ ತಲೆ ಕೆಟ್ಟಿದೆಯಾ? ಅವರ ಮನೆ ಊಟ ಉಂಡು, ಅವರನ್ನೇ ಸಾವಿನ ಮನೆ ಅಂತ ಬರೆದಿದ್ದೀನಿ ಅಂತ ಹೋಗಿ ಹೇಳ್ತೀರಾ? ಆಮೇಲೆ ಅಲ್ಲಿ ಬದುಕಬೇಕಾದೋಳು ಯಾರು? ಬಿಟ್ಟಾಕಿ ಆ ಡಿಗ್ರಿನ."

"ಡಿಗ್ರಿ ಹಾಳಾಗ್ಲಿ ಬಿಡೇ. ಅವಳು ಅಲ್ಲಿ ಹೇಗಿದ್ದಾಳೆ ಅಂತ ಗೊತ್ತಾಗ್ಬೇಕಲ್ಲ ನಂಗೆ. ಭಾನುವಾರ ಹೋದ್ರೆ ಅದೇ ನಾಟಕ. ಹೇಳದೆ ಕೇಳದೆ ಒಂದಿನ ಮಧ್ಯಾಹ್ನ ಹೋಗ್ತೀನಿ. ಏನಾಗುತ್ತೋ ಆಗ್ಲಿ, ಕೇಳೇಬಿಡ್ತೀನಿ."

ಹೆಂಡತಿ "ಸಿಟ್ಟು ಮಾಡ್ಕೋಬೇಡಿ. ನಗ್ತಾ ಕೇಳಿ" ಎಂದಳು.

ವಾರದ ನಡುವೆ ಅರ್ಧ ದಿನ ರಜೆ ಹಾಕಿ ಮೈಕಣ್ಣ ಮಿಲ್ಲಿಗೆ ಹೋದ. ಊಟದ ಹೊತ್ತು, ಗರಗಸ ನಿಂತಿತ್ತು. ಮರದ ಹೊಟ್ಟು ರಾಶಿ ಬಿದ್ದಿದ್ದ ಅಂಗಳ ದಾಟಿ, ಪಕ್ಕದ ಮೆಟ್ಟಿಲು ಹತ್ತತೊಡಗಿದ. ವರದಿಯ ಹಾಳೆಗಳು ಕೈಚೀಲದಲ್ಲಿದ್ದವು. ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಮತ್ತೊಮ್ಮೆ ಹೇಳಿಕೊಂಡ. ಅಷ್ಟರಲ್ಲಿ ಮೇಲಿನಿಂದ ಒಂದು ದನಿ ಕೇಳಿ ಅವನ ಕಾಲು ಅಲ್ಲೇ ನಿಂತಿತು.

"ಪ್ರಯಾಣಿಕರ ಗಮನಕ್ಕೆ! ಅಡುಗೆಮನೆಯಿಂದ ಹೊರಟಿರುವ ಬಿಸಿ ಪಾತ್ರೆಯು ಇನ್ನು ಕೆಲವೇ ಕ್ಷಣಗಳಲ್ಲಿ ಮೇಜಿನ ಎರಡನೇ ಅಂಕಣಕ್ಕೆ ಬರಲಿದೆ. ಮಾವನವರು ದಯವಿಟ್ಟು ತಮ್ಮ ಮೊಣಕೈಯನ್ನು ತೆಗೆದುಕೊಳ್ಳಬೇಕಾಗಿ ವಿನಂತಿ!"

ಅವನದೇ ಎಳೆತ, ಅವನದೇ ಏರಿಳಿತ, ದನಿ ಮಾತ್ರ ಮಗಳದು. ಅದರ ಬೆನ್ನಿಗೇ ಬೀಗರ ಗುಡುಗು: "ಈ ಬಸ್ಸು ದಿನಾ ಲೇಟು! ಯಾರಿಗೆ ದೂರು ಕೊಡ್ಬೇಕು?"

"ಡ್ರೈವರು ನಾನೇ. ದೂರು ಕೊಟ್ಟೋರಿಗೆ ಊಟ ಇಲ್ಲ!" ಇದು ಬೀಗಿತ್ತಿ. ಅಳಿಯ ನಗುತ್ತ ಏನೋ ಅಂದ, ಅದಕ್ಕೆ ಮಗಳು ಬಾಯಲ್ಲಿ ತುತ್ತಿಟ್ಟುಕೊಂಡೇ ಮಾರುತ್ತರ ಕೊಟ್ಟಳು, ಅವಳ ಮಾತು ಮುಗಿಯುವ ಮೊದಲೇ ಅತ್ತೆ ಇನ್ನೊಂದು ಸೇರಿಸಿದರು, ನಾಲ್ವರೂ ಒಟ್ಟಿಗೆ ಮಾತಾಡಿದರು. ಸಂತೆಯಲ್ಲೂ ಅಷ್ಟು ಗಲಾಟೆ ಇರುವುದಿಲ್ಲ.

ಮೈಕಣ್ಣ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೋದ ಜೀವ ಬಂದಂತಾಯಿತು. ಇಷ್ಟು ತಿಂಗಳು ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು, ಇಳಿಯುವಾಗ ಕಣ್ಣಿನಲ್ಲಿ ನೀರು ತರಿಸಿತು. ಮಗಳು ಮಾತಾಡುತ್ತಿದ್ದಾಳೆ. ನಗುತ್ತಿದ್ದಾಳೆ. ಅತ್ತೆಯ ಮಾತಿನ ಮಧ್ಯೆ ಬಾಯಿ ಹಾಕುತ್ತಿದ್ದಾಳೆ, ಯಾರೂ ಬೈಯುತ್ತಿಲ್ಲ. ಹಾಗೇ ಇಳಿದು ಮನೆಗೆ ಹೋಗಿಬಿಡಲೇ ಎನ್ನಿಸಿತು. ಆದರೆ ಬಂದ ಕೆಲಸ ಬಾಕಿಯಿತ್ತು. ಕಣ್ಣೊರೆಸಿಕೊಂಡು ಹತ್ತಿ ಬಾಗಿಲಲ್ಲಿ ನಿಂತ.

ಅವನನ್ನು ಕಂಡದ್ದೇ ತಡ, ಬೀಗರ ಬಾಯಿ ಅರ್ಧಕ್ಕೇ ಮುಚ್ಚಿತು. ಅಳಿಯ ಎದ್ದು ಕುರ್ಚಿ ಎಳೆದ. ಬೀಗಿತ್ತಿ "ಬನ್ನಿ ಬೀಗ್ರೇ, ಹೇಳಿ ಬರ್ಬಾರದಾ" ಎಂದು ಪಿಸುಗುಟ್ಟಿ, ತಟ್ಟೆ ಇಟ್ಟು, ಹುಬ್ಬೆತ್ತಿ "ಹಾಕಲಾ?" ಎಂದು ಸೌಟು ತೋರಿಸಿದರು. ಮಗಳು ತಲೆ ತಗ್ಗಿಸಿದಳು. ಒಂದು ಸೊಲ್ಲಿಲ್ಲ.

ಈ ಸಲ ಸುಮ್ಮನೆ ಕೂತದ್ದು ಬೇರೆ ಬಗೆಯ ನೋವಾಗಿತ್ತು. ಮೌನ ಈ ಮನೆಯದಲ್ಲ. ತಾನು ಬಂದಾಗ ಬರುವುದು. ಅಂದರೆ ತನ್ನನ್ನೇ ಕಂಡರಾಗದೇ ಇವರಿಗೆ? ನಗುತ್ತ ಕೇಳಿ ಎಂದು ಹೆಂಡತಿ ಹೇಳಿದ್ದಳು. ನಗು ಬರಲಿಲ್ಲ.

"ಬೀಗಿತ್ತಿಯವ್ರೇ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನೀಗ ಮೆಟ್ಟಿಲಲ್ಲಿ ನಿಂತು ಎಲ್ಲಾ ಕೇಳಿಸ್ಕೊಂಡೆ. ಇಷ್ಟು ಹೊತ್ತು ಎಲ್ರೂ ಮಾತಾಡ್ತಿದ್ರಿ. ನಾನು ಬಂದ ತಕ್ಷಣ ಯಾಕೆ ಸುಮ್ಮನಾದ್ರಿ? ನನ್ನಿಂದ ಏನಾದ್ರೂ ತಪ್ಪಾಗಿದೆಯಾ?"

ಬೀಗಿತ್ತಿ ಸೌಟು ಹಿಡಿದುಕೊಂಡೇ ಗಂಡನನ್ನು ನೋಡಿದರು. ಬೀಗರು ಗಂಟಲು ಸರಿಮಾಡಿಕೊಂಡರು. "ತಪ್ಪೇನು ಬೀಗ್ರೇ, ನಿಮ್ಮನೆ ಪದ್ಧತಿ ಅಲ್ವಾ?"

"ನಮ್ಮನೆ ಪದ್ಧತಿಯಾ?"

"ಊಟ ಮಾಡುವಾಗ ಮಾತಾಡಬಾರದು ಅನ್ನೋದು. ಮೊದಲ್ನೇ ಸಲ ಬಂದಾಗ ಒಂದು ಮಾತೂ ಆಡ್ಲಿಲ್ಲ ನೀವು. ನಾನು ಏನು ಕೇಳಿದ್ರೂ ಹ್ಞೂಂ. ನೀವು ಹೋದ್ಮೇಲೆ ಸೊಸೆನ ಕೇಳಿದ್ವಿ. 'ಹೌದು, ಅಪ್ಪ ಊಟಕ್ಕೆ ಕೂತ್ರೆ ಮಾತಾಡಲ್ಲ, ನಮ್ಮನೆ ಪದ್ಧತಿ' ಅಂದ್ಲು. ಸರಿ, ದೊಡ್ಡವರ ಪದ್ಧತಿಗೆ ಮರ್ಯಾದೆ ಕೊಡಬೇಕಲ್ವಾ ಅಂತ…"

"ನಾನು ಒಂದು ಸಲ ತಡೀಲಾರದೆ ಇವಳಿಗೆ ಕಣ್ಣು ಬಿಟ್ಟಿದ್ದೆ" ಎಂದರು ಬೀಗಿತ್ತಿ. "ಇವಳು ಬಾಯಿ ತೆಗೆದ್ರೆ ನಾನೂ ಶುರು ಹಚ್ಕೋತೀನಿ. ಆಮೇಲೆ ನನ್ನ ನಿಲ್ಲಿಸೋರು ಯಾರು ಹೇಳಿ?"

ಮೈಕಣ್ಣ ಮಗಳ ಕಡೆ ತಿರುಗಿದ. ರೇಡಿಯೋ ತುಟಿ ಕಚ್ಚಿಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವಳು ತಡೆದುಕೊಳ್ಳುತ್ತಿದ್ದದ್ದು ನಗುವೋ ಅಳುವೋ ತಿಳಿಯುತ್ತಿರಲಿಲ್ಲ.

"ನೀನು ತಾನೇ ಅಪ್ಪ ಆಣೆ ಹಾಕಿಸಿಕೊಂಡಿದ್ದು? 'ಯಾಕೆ ಮಾತಾಡಲ್ಲ' ಅಂತ ಇವರು ಕೇಳಿದ್ರೆ ನಾನು ಏನು ಹೇಳ್ಬೇಕಿತ್ತು? ಪದ್ಧತಿ ಅಂದೆ. ಅಗಿಯೋವಾಗ ಮಾತಾಡೋಕೆ ಇನ್ನೂ ಸರಿಹೋಗಿಲ್ಲವೇನೋ ಅಂತ ಇಷ್ಟು ದಿನ ನಾನೂ ಬಾಯಿ ಮುಚ್ಕೊಂಡು ಕೂತೆ. ನೀನು ಒಂದೇ ಒಂದು ಮಾತು ಆಡಿದ್ರೆ ಸಾಕಿತ್ತು, ನಾನು ಬಿಡ್ತಿದ್ನಾ?"

ಈಗ ಹೇಳದೆ ವಿಧಿಯಿರಲಿಲ್ಲ. ಮೈಕಣ್ಣ ಹೇಳಿದ. ಹಲ್ಲುಸೆಟ್ಟು, ಸೀಟಿ, ಮುಂದಕ್ಕೆ ಹೋದ ಬಸ್ಸು, ಓಡಿದ ಕಂಡಕ್ಟರು, ತಟ್ಟೆಗೆ ಬೀಳುವ ಹಲ್ಲಿನ ಭಯ, ಒಂದನ್ನೂ ಮುಚ್ಚಲಿಲ್ಲ. ಇವರಿಗೆ ಅದು ಪದ್ಧತಿ ಅಂತ ತಾನು, ತನಗೆ ಅದು ಪದ್ಧತಿ ಅಂತ ಇವರು, ಇಬ್ಬರ ನಡುವೆ ಆಣೆ ಹೊತ್ತು ಕೂತ ಮಗಳು. ಇಲ್ಲದ ಪದ್ಧತಿಯೊಂದನ್ನು ಎರಡು ಮನೆಯವರು ಸೇರಿ ಸಾಕಿದ್ದರು. ಇಲ್ಲಿಗೆ ಬಂದದ್ದು ಕಾಲೇಜಿಗೆ ಬರೆಯಲು ಎಂಬುದನ್ನೂ ಹೇಳಿದ, ಸಾವಿನ ಮನೆಯ ಸಾಲನ್ನೂ ಬಿಡಲಿಲ್ಲ. "ನಿಮಗೆ ಹೇಳದೆ ಬರೆದೆ. ಅದು ತಪ್ಪು. ಬೇಡ ಅಂದ್ರೆ ಇಲ್ಲೇ ಹರಿದು ಹಾಕ್ತೀನಿ."

ಬೀಗರು ಮೇಜಿಗೆ ಗುದ್ದಿ ನಕ್ಕ ಸದ್ದಿಗೆ ಲೋಟ ಉರುಳಿತು.

"ಅಲ್ರೀ ಬೀಗ್ರೇ, ನಿಮ್ಮ ಹಲ್ಲಿನ ದೆಸೆಯಿಂದ ನನ್ನ ಹೊಟ್ಟೆ ಉಬ್ಬಿ ಹೋಗಿತ್ತಲ್ರೀ! ಭಾನುವಾರ ಬಂತು ಅಂದ್ರೆ ನನಗೆ ಜೈಲಿಗೆ ಹೋದಂಗಾಗ್ತಿತ್ತು. ಬಸ್ ಸ್ಟ್ಯಾಂಡಿನ ಮೈಕು ನಮ್ಮ ಬೀಗರು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ. ಮನೆಗೆ ಬಂದ್ರೆ ಮೈಕಿಗೆ ಕರೆಂಟೇ ಇಲ್ಲ!"

ಬೀಗಿತ್ತಿಗೆ ನಕ್ಕು ನಕ್ಕು ಕೆಮ್ಮು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: "ನಾನಂತೂ ಇವರಿಗೆ ನಾವು ಇಷ್ಟವಿಲ್ಲವೇನೋ, ಮಗಳನ್ನ ಕೊಟ್ಟು ನೊಂದ್ಕೊಂಡಿದ್ದಾರೇನೋ ಅಂತ ಎಷ್ಟು ಸಲ ಅತ್ತಿದ್ದೀನಿ ಗೊತ್ತಾ? ನಿಮ್ಮನೆಯವರೂ ತಲೆ ಎತ್ತುತ್ತಿರಲಿಲ್ಲ." ತಾವಿಬ್ಬರೂ ಬಸ್ಸಿನಲ್ಲಿ ಕಿಟಕಿ ನೋಡುತ್ತ ಕೂತ ಹೊತ್ತಿನಲ್ಲಿ ಇಲ್ಲಿಯೂ ಒಬ್ಬರು ಅಳುತ್ತಿದ್ದರೆಂದು ಮೈಕಣ್ಣನಿಗೆ ಹೊಳೆದೇ ಇರಲಿಲ್ಲ.

ಕೊನೆಗೆ ಬೀಗಿತ್ತಿಯೇ ಅಪ್ಪಣೆ ಕೊಟ್ಟರು. "ಹರಿಯೋದು ಬೇಡ. ನಮ್ಮ ಬಗ್ಗೆ ಬರೀರಿ, ನಮಗೇನೂ ಬೇಜಾರಿಲ್ಲ. ಆದ್ರೆ ಹಲ್ಲಿನ ವಿಷಯ ಬಿಟ್ರೆ ನಾನು ಒಪ್ಪಲ್ಲ. ಬರೆಯೋದಾದ್ರೆ ಎರಡೂ ಮನೆದು ಬರೀಬೇಕು."

"ಬರೀತೀನಿ ತಾಯಿ" ಎಂದ ಮೈಕಣ್ಣ. ತನ್ನ ಹಲ್ಲಿನ ಗುಟ್ಟು ಮೇಡಂ ಅವರ ಮೇಜಿನ ಮೇಲೆ ಹೋಗಿ ಕೂರುತ್ತದೆಂದು ಅವನಿಗೆ ಆಗ ನಾಚಿಕೆಯೇ ಆಗಲಿಲ್ಲ. ಎರಡನೇ ಸಲ ಬಡಿಸಿಕೊಂಡು ಹೊಟ್ಟೆ ತುಂಬ ಉಂಡ. ನಡುವೆ ಎರಡು ಮೂರು ಸಲ ಏನನ್ನೋ ಹೇಳಲು ಹೋದ; ಒಂದು ಸಲ ಬೀಗರು ತಡೆದರು, ಒಂದು ಸಲ ಮಗಳು, ಒಂದು ಸಲ ಬೀಗಿತ್ತಿ. ಅವನು ಬಿಟ್ಟುಕೊಟ್ಟು ಕೇಳುತ್ತ ಕೂತ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿ ಗೇಟಿನಲ್ಲೇ ನಿಂತಿದ್ದಳು. ಚಪ್ಪಲಿ ಬಿಡಲೂ ಅವಕಾಶ ಕೊಡದೆ ಕೇಳಿದಳು, "ಏನಾಯ್ತು? ಬೈದ್ರಾ? ಅವಳಿಗೇನೂ ಅನ್ಲಿಲ್ಲ ತಾನೇ?"

"ಮಾತಾಡ್ತಾಳೆ ಕಣೇ" ಎಂದ ಮೈಕಣ್ಣ.

"ಯಾರು?"

"ನಮ್ಮ ರೇಡಿಯೋ. ಊಟ ಮಾಡ್ತಾ ಮಾಡ್ತಾನೇ. ಬಾಯಲ್ಲಿ ತುತ್ತು ಇಟ್ಕೊಂಡೇ."

"ಅತ್ತೆ ಮುಂದೆ?"

"ಅತ್ತೆ ಇವಳಿಗಿಂತ ಒಂದು ಕೈ ಮೇಲು. ನನಗೇ ಒಂದು ಮಾತು ಆಡೋಕೆ ಬಿಡ್ಲಿಲ್ಲ ಅವರು."

ಹೆಂಡತಿ ಗೇಟಿನ ಸರಳು ಹಿಡಿದುಕೊಂಡು ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿಯಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದ್ಸಲ ಹೇಳಿ" ಎಂದಳು.